ಮಗಳೆಂಬ ತೂಕದ ಕಲ್ಲು

ತಕ್ಕಡಿ ರಿಪೇರಿಯಲ್ಲಿ ಊರಿಗೇ ಹೆಸರಾದ ಅವನನ್ನು ಜನ ತೂಕಪ್ಪ ಎಂದೇ ಕರೆಯುತ್ತಿದ್ದರು. ಅಂಗಡಿಗಳ ತಕ್ಕಡಿಯಿಂದ ಹಿಡಿದು ಮನುಷ್ಯರು ಹತ್ತಿ ನಿಲ್ಲುವ ಮೆಷಿನ್‌ವರೆಗೆ ಎಲ್ಲವೂ ಅವನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಲೇಬೇಕು. ರಿಪೇರಿಯಾದ ಮೇಲೆ ಮುದ್ರೆ ಒತ್ತಿದ ಕಬ್ಬಿಣದ ಕಲ್ಲುಗಳನ್ನು ಪೇರಿಸಿ, ಮುಳ್ಳು ಸರಿಯಾದ ಗೆರೆಗೆ ಬಂತೇ ಎಂದು ನೋಡುವುದು ಕಸುಬಿನ ಧರ್ಮ. ಆದರೆ ತೂಕಪ್ಪನಿಗೆ ಸೊಂಟನೋವು. ಮನುಷ್ಯರ ಮೆಷಿನ್ ಬಂತೆಂದರೆ ಅಷ್ಟೊಂದು ಕಲ್ಲು ಎತ್ತಬೇಕಲ್ಲ ಎಂದು ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಹೋದ ವರ್ಷ ಒಮ್ಮೆ ಕಲ್ಲಿಟ್ಟು ಸರಿಮಾಡಿದ ಮೆಷಿನ್ ಮೇಲೆ ಮಗಳನ್ನು ನಿಲ್ಲಿಸಿ, ಮುಳ್ಳು ನಿಂತ ಗೆರೆಯನ್ನು ಮನಸ್ಸಿನಲ್ಲಿ ಕೆತ್ತಿಟ್ಟುಕೊಂಡ. ಅಂದಿನಿಂದ ಕಲ್ಲುಗಳಿಗೆ ನಿವೃತ್ತಿ. ಅಂಗಡಿಯ ಹಿಂದಿನ ಮನೆಯತ್ತ ಮುಖ ಮಾಡಿ, "ಪುಟ್ಟೀ, ಒಂಚೂರು ಬಂದು ನಿಂತ್ಕೊಳ್ಳಮ್ಮ" ಎಂದರೆ ಸಾಕು. ಹತ್ತನೇ ತರಗತಿಯ ಆ ಹುಡುಗಿ ಪುಸ್ತಕ ಮಗುಚಿಟ್ಟು ಬಂದು ನಿಲ್ಲುತ್ತಿದ್ದಳು.

"ಮಗೂನ ಕಲ್ಲು ಮಾಡಿಬಿಟ್ರಲ್ಲ" ಎಂದು ಹೆಂಡತಿ ಗೊಣಗಿದರೆ ಅವನು ನಗುತ್ತಿದ್ದ. "ಕಬ್ಬಿಣ ತುಕ್ಕು ಹಿಡಿಯುತ್ತೆ ಕಣೇ. ಮಗಳು ಹಿಡೀತಾಳಾ?"

ಕೆಲವು ತಿಂಗಳಿಂದ ಮೆಷಿನ್‌ಗಳು ಯಾಕೋ ಹಟಕ್ಕೆ ಬಿದ್ದಿದ್ದವು. ಪುಟ್ಟಿ ನಿಂತರೆ ಮುಳ್ಳು ಗೆರೆ ಮುಟ್ಟುವ ಮೊದಲೇ ಸುಸ್ತಾಗಿ ನಿಲ್ಲುತ್ತಿತ್ತು. "ಈಗಿನ ಸ್ಪ್ರಿಂಗ್‌ಗಳಿಗೆ ಮಾನ ಮರ್ಯಾದೆ ಇಲ್ಲ" ಎಂದು ಬೈಯುತ್ತ ತೂಕಪ್ಪ ಒಳಗಿನ ಸ್ಕ್ರೂ ತಿರುಗಿಸುತ್ತಿದ್ದ. ಮುಳ್ಳು ತೆವಳಿಕೊಂಡು ಮೇಲೇರಿ ಹಳೆಯ ಗೆರೆಗೆ ಬರುವವರೆಗೂ ಮಗಳು ಅದನ್ನೇ ನೋಡುತ್ತ ನಿಂತಿರುತ್ತಿದ್ದಳು. ಆಮೇಲೆ ಇಳಿದುಹೋಗುತ್ತಿದ್ದಳು.

ಹೆಂಡತಿಯ ಕಣ್ಣಿಗೆ ಬೇರೆಯೇ ಕಾಣುತ್ತಿತ್ತು. "ರೀ, ಇವಳು ತಟ್ಟೇಲಿರೋದನ್ನ ಆ ಕಡೆಯಿಂದ ಈ ಕಡೆ ಸಾಗಿಸ್ತಾಳೆ, ಬಾಯಿಗೆ ಮಾತ್ರ ಹೋಗಲ್ಲ. ಬಾಚಣಿಗೆ ತುಂಬ ಕೂದಲು. ಈ ಸೆಖೆಯಲ್ಲಿ ಸ್ವೆಟರ್ ಬೇರೆ."

"ನನ್ನ ಮೆಷಿನ್ ಮೇಲೆ ವಾರಕ್ಕೆರಡು ಸಲ ನಿಲ್ತಾಳೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಿನ್ನ ಕಣ್ಣನ್ನ ನಂಬಲೋ, ಮೆಷಿನ್ನ ನಂಬಲೋ?"

ಮನೆಗೆ ಬಂದ ಸೋದರತ್ತೆಯದು ಇನ್ನೊಂದು ರಾಗ. "ಬಳ್ಳಿ ಹಾಗಾಗಿದೀಯಲ್ಲೇ. ಏನು ಗುಟ್ಟು? ನಮ್ಮನೇಲೂ ಒಂದು ಡ್ರಮ್ ಇದೆ, ಅದಕ್ಕೂ ಹೇಳ್ಕೊಡೇ." ಎಲ್ಲರೂ ನಕ್ಕರು. ಪುಟ್ಟಿಯೂ ನಕ್ಕಳು, ಮತ್ತು ಆ ಮಧ್ಯಾಹ್ನ ಹಸಿವಿಲ್ಲವೆಂದು ಎದ್ದುಹೋದಳು.

ತಾಳಲಾರದೆ ತಾಯಿ ಮಗಳನ್ನು ಡಾಕ್ಟ್ರಮ್ಮನ ಬಳಿ ಕರೆದೊಯ್ದಳು. ಅಲ್ಲಿನ ಮೆಷಿನ್ ತೂಕಪ್ಪನ ಮೇಜಿನಿಂದ ಹಿಂದಿನ ವಾರವಷ್ಟೇ ವಾಪಸಾಗಿತ್ತು. ಪುಟ್ಟಿ ಹತ್ತಿದಳು. ಮುಳ್ಳು ತವರಿಗೆ ಬಂದ ಮಗಳಂತೆ ಸೀದಾ ತನ್ನ ಗೆರೆಗೆ ಹೋಗಿ ಕುಳಿತಿತು. "ತೂಕ ಇರಬೇಕಾದಷ್ಟೇ ಇದೆಯಲ್ಲಮ್ಮ. ವಯಸ್ಸಿನ ಹುಡುಗಿ, ಸ್ವಲ್ಪ ಹಟ ಇರುತ್ತೆ" ಎಂದು ಡಾಕ್ಟ್ರಮ್ಮ ಟಾನಿಕ್ ಬರೆದುಕೊಟ್ಟರು. ಮನೆಗೆ ಬಂದ ಹೆಂಡತಿಯ ಮುಂದೆ ತೂಕಪ್ಪ ಮೀಸೆ ತಿರುವಿದ.

ಈ ನಡುವೆ ಊರು ದಪ್ಪವಾಗತೊಡಗಿತ್ತು. ಸೊಂಟ ಸಣ್ಣಗಾಗಿ ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡವರೂ ಮೆಷಿನ್ ಹತ್ತಿದರೆ ತೂಕ ಏರಿರುತ್ತಿತ್ತು. ರವಿಕೆ ಸಡಿಲವಾಗಿದ್ದರೂ ಮುಳ್ಳು ಮುಂದೆ. "ಮೂಳೆಗೆ ಕೊಬ್ಬು ಬಂದಿದೆ" ಎಂದು ಜಿಮ್ಮಿನ ಮಾಲೀಕ ಹೊಸ ರೋಗವನ್ನೇ ಕಂಡುಹಿಡಿದು, ಬೆಳಗಿನ ಬ್ಯಾಚಿನ ಜೊತೆ ಸಂಜೆಯದನ್ನೂ ಶುರುಮಾಡಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಊರಿಗೆ ಊರೇ ತನ್ನ ಕಾಲನ್ನು ಬೈದುಕೊಳ್ಳುತ್ತಿತ್ತು.

ಕೊನೆಗೆ ಸಂಶಯ ಬಂದದ್ದು ಡಾಕ್ಟ್ರಮ್ಮನಿಗೆ. ಕಾಯಿಲೆ ಬಿದ್ದು ಸೊರಗಿದವರೂ ಅವರ ಮೆಷಿನ್ ಮೇಲೆ ತೂಕ ಗಳಿಸುತ್ತಿದ್ದರು. ತೂಕಪ್ಪನಿಗೆ ಹೇಳಿಕಳಿಸಿದರು. "ಕಲ್ಲು ತಗೊಂಡು ಬನ್ನಿ. ನನ್ನೆದುರಿಗೇ ನೋಡೋಣ."

ಅದು ಅವನಿಗೆ ಅವಮಾನ. ಆದರೂ ಕಲ್ಲುಗಳನ್ನು ಆಟೋದಲ್ಲಿ ಹೇರಿಕೊಂಡು ಹೋಗಿ, ಸೊಂಟ ಹಿಡಿದುಕೊಂಡು ಒಂದೊಂದನ್ನೇ ಪೇರಿಸಿದ. ಮುಳ್ಳು ಆ ಕಲ್ಲುಗಳ ತೂಕದ ಗೆರೆಯನ್ನು ದಾಟಿ, ಆ ಕಡೆ ಬಹಳ ದೂರ ಹೋಗಿ ನಿಂತಿತು.

"ಇದನ್ನ ಸರಿಮಾಡುವಾಗ ಏನು ಇಟ್ಟು ನೋಡಿದ್ರಿ?" ಡಾಕ್ಟ್ರಮ್ಮ ಕೇಳಿದರು.

"ನನ್ನ ಮಗಳನ್ನ" ಎಂದ ತೂಕಪ್ಪ. "ಅವಳ ತೂಕ ಯಾವತ್ತೂ ತಪ್ಪಲ್ಲ, ಡಾಕ್ಟ್ರಮ್ಮ."

ಹೇಳಿದ ಮಾತು ಅವನ ಕಿವಿಗೇ ವಾಪಸು ಬಂತು. ಅವನು ಮತ್ತೊಮ್ಮೆ ಮುಳ್ಳನ್ನು ನೋಡಿದ. ಗೆರೆಗೂ ಮುಳ್ಳಿಗೂ ನಡುವೆ ಇದ್ದದ್ದು ಸ್ಪ್ರಿಂಗಿನ ದೋಷವಲ್ಲ. ಅಷ್ಟೂ ಅವನ ಮಗಳು. ಅವನು ಕಲ್ಲುಗಳ ಪಕ್ಕ ಕುಕ್ಕರಿಸಿದ.

ಡಾಕ್ಟ್ರಮ್ಮ ಕುರ್ಚಿ ಎಳೆದು ಅವನೆದುರು ಕೂತರು. "ನಾನೂ ಮುಳ್ಳನ್ನ ನೋಡಿದೆ, ಹುಡುಗಿಯನ್ನ ನೋಡಲಿಲ್ಲ. ಸಣ್ಣಗಾಗಬೇಕು ಅಂತ ಊಟ ಬಿಡೋ ಈ ಕಾಯಿಲೆ ತೂಕ ಸರಿ ಇದ್ದವರಿಗೂ ಬರುತ್ತೆ. ನಿಮ್ಮ ಹೆಂಡತಿ ಹೇಳಿದ್ದೇ ಸಾಕಿತ್ತು. ಇದು ಹಟ ಅಲ್ಲ. ಬೈಬೇಡಿ, ಮುದ್ದು ಮಾಡಿ ತುರುಕೋದೂ ಬೇಡ. ನಾಳೆಯೇ ಕರ್ಕೊಂಡು ಬನ್ನಿ. ಮನಸ್ಸಿನ ಡಾಕ್ಟ್ರೂ ಇರ್ತಾರೆ. ನಿಧಾನ ಆಗುತ್ತೆ, ಆದ್ರೆ ವಾಸಿಯಾಗುತ್ತೆ."

ತೂಕಪ್ಪ ಅಂಗಡಿಗೆ ಬಂದು ಅರ್ಧ ಬಾಗಿಲು ಎಳೆದುಕೊಂಡ. ಶಬ್ದ ಕೇಳಿ ಪುಟ್ಟಿ ತಾನಾಗಿಯೇ ಬಂದಳು. ಕರೆಯುವ ಮೊದಲೇ ಚಪ್ಪಲಿ ಬಿಟ್ಟು, ನೆಲದ ಮೇಲಿದ್ದ ಮೆಷಿನ್ ಹತ್ತಿ ನಿಂತಳು.

"ಇಳಿಯಮ್ಮ."

"ಸ್ಕ್ರೂ ತಿರುಗಿಸಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಇಳಿಯಲಿಲ್ಲ. ಮುಳ್ಳನ್ನೇ ನೋಡುತ್ತ ಹೇಳಿದಳು. "ನಾನು ಎಷ್ಟು ಕಮ್ಮಿ ಮಾಡಿದ್ರೂ ನೀನು ಮತ್ತೆ ಅಲ್ಲಿಗೇ ತರ್ತಿದ್ದೆ. ತಪ್ಪು ಮೆಷಿನ್ನದು ಅಂತ ನಿನಗನ್ನಿಸ್ತಿತ್ತು, ಅಪ್ಪ. ನನ್ನದು ಅಂತ ನನಗನ್ನಿಸ್ತಿತ್ತು."

"ನನ್ನಿಂದಲೇ ಬಂತಾ ಇದು?"

"ಮೊದಲೇ ಇತ್ತು. ನೀನು ತಿರುಗಿಸ್ತಾ ಹೋದೆ."

ಇನ್ನು ಮೇಲೆ ಚೆನ್ನಾಗಿ ತಿನ್ನು, ಎಲ್ಲಾ ಸರಿಹೋಗುತ್ತೆ ಎಂಬ ಮಾತು ತೂಕಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಬಹಳ ಕಷ್ಟಪಟ್ಟು ನುಂಗಿಕೊಂಡ. ಒಳಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

"ನಾಳೆ ಡಾಕ್ಟ್ರಮ್ಮ ಬರೋಕೆ ಹೇಳಿದಾರೆ" ಎಂದಷ್ಟೇ ಹೇಳಿದ.

ಪುಟ್ಟಿ ಗೋಡೆ ಹಿಡಿದುಕೊಂಡು ಕೆಳಗಿಳಿದಳು. "ಬರ್ತೀನಿ. ಆದ್ರೆ ಅವರು ಕೇಳಿದ್ದಕ್ಕೆ ನಾನು ಉತ್ತರ ಹೇಳ್ತೀನಿ. ನೀನು ಹೇಳಬೇಡ."

"ಆಯ್ತಮ್ಮ" ಎಂದ ತೂಕಪ್ಪ. ಅಷ್ಟರ ಮೇಲೆ ಇನ್ನೊಂದು ಮಾತು ಸೇರಿಸದಿರಲು ಅವನು ಬಾಯಿಗೆ ಕೈ ಅಡ್ಡ ಹಿಡಿಯಬೇಕಾಯಿತು.