ಕಾರಣಾನೂ ಬರೀರಿ

ಮಹಾನಂದಾ ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಂಪರ್ ಹೊಲಿಯುತ್ತಿದ್ದಳು. ಅಂಗಡಿಯ ಮೇಲಿನ ಕೋಣೆಯಲ್ಲಿ ನರ್ಸ್ ಸುಕನ್ಯಾಳ ಜೊತೆ ಮೂರು ವರ್ಷದಿಂದ ಇದ್ದಳು. ಅವರು ಗೆಳತಿಯರೆಂದು ಓಣಿ ನಂಬಿತ್ತು. ವನದುರ್ಗದಲ್ಲಿದ್ದ ತಾಯಿ ಅಯ್ಯಮ್ಮ ನಂಬಿರಲಿಲ್ಲ, ಕೇಳಿರಲೂ ಇಲ್ಲ. ತನ್ನ ಅಣ್ಣನ ಮಗ ಅಮೋಘಸಿದ್ದನನ್ನು ಲಗ್ನವಾಗಲು ಮಗಳು ಎರಡು ಸಲ ಒಲ್ಲೆನೆಂದಾಗಲೂ ಸುಮ್ಮನಿದ್ದಳು.

ದೀಪಾವಳಿ ಮುಗಿದ ವಾರ, ಸುಕನ್ಯಾ ಡ್ಯೂಟಿಗೆ ಹೋಗಿದ್ದ ಮಧ್ಯಾಹ್ನ, ಅಮೋಘಸಿದ್ದ ಬಂದ. ಅತ್ತೆ ಜೋಳ ಕಳಿಸಿದ್ದಾಳೆ ಎಂದು ಚೀಲ ಇಳಿಸಿದ. ಮಹಾನಂದಾ ಚಹಾಕ್ಕಿಟ್ಟಳು. ಅವನು ಬಾಗಿಲು ಹಾಕಿದ.

“ನೀ ಹೆಣ್ಣಂಬದು ನಿನಗ ಮರ್ತು ಹೋಗ್ಯಾದ. ನೆಪ್ಪ ಮಾಡಿಕೊಡಾಕ ಬಂದೀನಿ,” ಎಂದ.

ಅವಳು ಪರಚಿದಳು, ಕೂಗಿದಳು. ಕೆಳಗಿನ ಆಟೋಗಳ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅವನು ಹೋದಮೇಲೂ ಒಲೆಯ ಮೇಲೆ ಚಹಾ ಸೀಯುತ್ತಲೇ ಇತ್ತು.

ಸಂಜೆ ಸುಕನ್ಯಾ ಬಂದಾಗ ಮೂಲೆಯಲ್ಲಿ ಕೂತಿದ್ದ ಮಹಾನಂದಾ ಸ್ನಾನಕ್ಕೆ ನೀರು ಕೇಳಿದಳು. ಸಾಕ್ಷ್ಯ ತೊಳೆದುಹೋಗುತ್ತದೆಂದು ಸುಕನ್ಯಾ ಕೊಡದೆ ಆಸ್ಪತ್ರೆಗೆ ಕರೆದೊಯ್ದಳು. ಫೋನಿನಲ್ಲಿ ಅಯ್ಯಮ್ಮ ಅತ್ತು, ಇನ್ನು ಅವನನ್ನೇ ಲಗ್ನವಾಗು, ಮಾನ ಉಳಿಯುತ್ತದೆ ಎಂದಳು.

ಮರುದಿನ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡ ಮಹಿಳಾ ಅಧಿಕಾರಿ ಒಳ್ಳೆಯವರೇ. ಅವನು ಆಡಿದ ಮಾತು ಬಿಟ್ಟುಬಿಡೋಣ, ನಾಳೆ ನಿನ್ನ ಬಗ್ಗೆಯೇ ಊರು ಮಾತಾಡುತ್ತದೆ ಎಂದರು.

“ಕಾರಣಾನೂ ಬರೀರಿ,” ಎಂದಳು ಮಹಾನಂದಾ. “ಅಂವ ಅದಕ್ಕೇ ಬಂದಿದ್ದ.”

ಬರೆದರು. ಹೇಗೋ ಅದು ಊರಿಗೆಲ್ಲ ಹಬ್ಬಿತು. ಗಿರಾಕಿಗಳು ಅಳತೆ ಕೊಡುವುದನ್ನು ಬಿಟ್ಟರು. ಮೂರು ತಿಂಗಳಿಗೆ ಜಾಮೀನು ಸಿಕ್ಕ ಅಮೋಘಸಿದ್ದ ಎದುರಿನ ಹೋಟೆಲಿನಲ್ಲಿ ಬಂದು ಕೂರತೊಡಗಿದ. ಅವಳ ಅಂಗಡಿಯತ್ತಲೇ ನೋಡುತ್ತಿದ್ದ. ಸುಕನ್ಯಾ ದೂರು ಕೊಟ್ಟು ಅದನ್ನು ನಿಲ್ಲಿಸಿದಳು. ಅವನು ಕಾಣದಿದ್ದರೆ ಮಹಾನಂದಾಳಿಗೆ ಇನ್ನೂ ದಿಗಿಲು: ಹಾಗಾದರೆ ಎಲ್ಲಿದ್ದಾನೆ? ಹೊಸ ಬಟ್ಟೆಯ ಮಡಿಕೆ ಬಿಡಿಸಿದರೂ ಸೀದ ಚಹಾದ ವಾಸನೆ. ಸುಕನ್ಯಾ ಒಲೆ ತೋರಿಸುತ್ತಿದ್ದಳು, ತಣ್ಣಗಿರುತ್ತಿತ್ತು.

ಯಾದಗಿರಿಯ ಕೋರ್ಟಿನಲ್ಲಿ, ಮುಚ್ಚಿದ ಬಾಗಿಲೊಳಗೆ, ಅವನ ವಕೀಲರು ಸುಕನ್ಯಾ ನಿಮಗೇನಾಗಬೇಕೆಂದು ಕೇಳಿದರು.

“ಆಕಿ ಕೂಡ ಬಾಳೇವು ಮಾಡಾಕತ್ತೀನ್ರಿ,” ಎಂದಳು ಮಹಾನಂದಾ.

ಅತ್ತೆ ಕಳಿಸಿದ ಜೋಳ ಕೊಡಲು ಹೋಗಿದ್ದನಷ್ಟೇ, ಉಳಿದದ್ದೆಲ್ಲ ಸುಳ್ಳು ಎಂಬುದು ಅವನ ವಾದ. ಅದಕ್ಕೆ ಅವನ ವಕೀಲರು ಅಯ್ಯಮ್ಮನನ್ನೇ ಸಾಕ್ಷಿಗೆ ಕರೆಸಿದರು. ಅವಳು ಅಣ್ಣನ ಜೀಪಿನಲ್ಲೇ ಬಂದಿದ್ದಳು. ಕಟಕಟೆ ಹಿಡಿದು ನಿಂತಳು.

“ನಾ ಜ್ವಾಳ ಕಳಿಸಿಲ್ರಿ,” ಎಂದಳು. “ಅಂವ ತಾನೇ ಹೋಗ್ಯಾನ.”

ಅವನಿಗೆ ಹತ್ತು ವರ್ಷ ಜೈಲಾಯಿತು. ತೀರ್ಪಿನ ದಿನ ಅಣ್ಣನ ಮನೆಯವರು ಅಯ್ಯಮ್ಮನಿಗೆ ಬೈದು ಹೋದರು. ಅವಳು ಮಗಳನ್ನು ಮುಟ್ಟಲು ಹೆದರಿ, ಸುಕನ್ಯಾಳನ್ನು ಕೇಳಿದಳು:

“ಆಕಿಗಿ ನಿದ್ದಿ ಬರ್ತದೇನವಾ?”

“ಇಲ್ಲಬೇ. ಲೈಟ್ ಆರಿಸಾಕ ಬಿಡಂಗಿಲ್ಲ.”

ಶಹಾಪುರದ ಬಸ್ಸಿನಲ್ಲಿ ಮಹಾನಂದಾ ಕೊನೆಯ ಸೀಟೇ ಬೇಕೆಂದಳು, ಬೆನ್ನ ಹಿಂದೆ ಯಾರೂ ಇರಬಾರದು. ಒಂದು ಪಕ್ಕ ಸುಕನ್ಯಾ, ಇನ್ನೊಂದು ಪಕ್ಕ ತಾಯಿ ಕೂತರು. ಭೀಮಾ ನದಿಯ ಸೇತುವೆ ದಾಟಿದರೂ ಅವಳು ತಿರುತಿರುಗಿ ಹಿಂದಿನ ಗಾಜಿನತ್ತ ನೋಡುತ್ತಲೇ ಇದ್ದಳು.