ನೆಮ್ಮದಿಯಲ್ಲಿ ನಮ್ಮ ಬೀದಿಯೇ ಮೊದಲು

ದುಡ್ಡು ಬೆಳೆದರೆ ದೇಶ ಬೆಳೆದಂತಲ್ಲ ಎಂದು ಸರ್ಕಾರಕ್ಕೆ ಕೊನೆಗೂ ಜ್ಞಾನೋದಯವಾಯಿತು. ಇನ್ನು ಮೇಲೆ ಜನರ ನೆಮ್ಮದಿಯನ್ನೇ ಅಳೆಯುವುದಂತೆ. ಸಂತೋಷ! ಹಳೆಯ ಲೆಕ್ಕದಲ್ಲಿ ನಮ್ಮತ್ತೆಯ ಕಾಲಿನ ಹುಣ್ಣಿಗೆ ನಾನು ಮುಲಾಮು ಕೊಂಡಷ್ಟೂ ದೇಶ ಉದ್ಧಾರವಾಗುತ್ತಿತ್ತು. ಹುಣ್ಣು ಮಾತ್ರ ಹಾಗೇ ಇತ್ತು.

ಅಳೆಯಲು ಬಂದವನಿಗೆ ನಮ್ಮ ಬೀದಿಯವರು ನೆಮ್ಮದಿ ಸಾಹೇಬ ಎಂದು ಹೆಸರಿಟ್ಟರು. ಮನೆಮನೆಯ ಬಾಗಿಲಲ್ಲಿ ನಿಂತು ಅವನು ಕೇಳಿದ್ದು ಒಂದೇ ಪ್ರಶ್ನೆ: "ಹೇಗಿದೀರಿ?"

ಬಾಗಿಲಿಗೆ ಬಂದವರು ಹಾಗೆ ಕೇಳಿದರೆ ಯಾರಾದರೂ ಏನನ್ನುತ್ತಾರೆ? "ಚೆನ್ನಾಗಿದೀವಪ್ಪ, ನೀವು?" ಕೆಲಸ ಕಳೆದುಕೊಂಡ ಡ್ರೈವರ್ ಹಾಗೇ ಅಂದ. ರಾತ್ರಿಯಿಡೀ ಅತ್ತು ಕಣ್ಣು ಊದಿಸಿಕೊಂಡಿದ್ದ ಟೀಚರಮ್ಮನೂ ಹಾಗೇ ಅಂದಳು. ಇಡೀ ಊರಿಗೆ ನಾವೇ ಮೊದಲು!

ಬಹುಮಾನವೂ ಬಂತು. ಇಷ್ಟು ನೆಮ್ಮದಿ ಇರುವವರಿಗೆ ನರ್ಸ್ ಯಾಕೆ ಎಂದು, ವಾರವಾರ ಬಂದು ಅತ್ತೆಯ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮನನ್ನು ಬೇರೆ ಬೀದಿಗೆ ಹಾಕಿದರು. "ಮೂಳೆಗಿಳಿದ್ರೆ ಕಾಲೇ ಹೋಗುತ್ತೆ, ಹುಷಾರು" ಎಂದು ಹೇಳಿಯೇ ಅವಳು ಹೋದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಇಸ್ತ್ರಿ ಅಂಗಡಿ ಮುಚ್ಚಿ ಅವರ ಕಚೇರಿಗೆ ಹೋದೆ, ಕೂಗಾಡಿದೆ, ಸಾಹೇಬನನ್ನು ಮನೆಗೇ ಎಳೆದು ತಂದೆ. ಅತ್ತೆಗೆ ಬೆಳಗ್ಗೆಯೇ ಪಾಠ ಹೇಳಿಟ್ಟಿದ್ದೆ: "ನೋವು, ನಿದ್ದೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ. ನಾಚ್ಕೊಂಡ್ರೆ ಕೆಟ್ವಿ."

ಒಳಗೆ ಬಂದವನಿಗೆ ವಾಸನೆ ಬಡಿಯಿತು. ನಾನು ಪಟ್ಟಿ ಬಿಚ್ಚಿ ತೋರಿಸಿದೆ. ಅವನು ಮುಖ ತಿರುಗಿಸಿ, "ನಮ್ದು ಮನಸ್ಸಿನ ಲೆಕ್ಕ ಕಣಮ್ಮ, ಕಾಲಿಂದಲ್ಲ. ಅವರೇ ಹೇಳ್ಬೇಕು" ಎಂದ. ಅತ್ತೆಯ ಕಡೆ ಬಾಗಿ, "ಅಜ್ಜಿ, ಹೇಗಿದೀರಿ?" ಎಂದು ಕೇಳಿದ.

ಅತ್ತೆ "ನೋ..." ಎಂದು ಶುರುಮಾಡಿ ತಡೆದರು. ಕಿಟಕಿ ತುಂಬ ಅಕ್ಕಪಕ್ಕದವರ ತಲೆಗಳು. ನನ್ನನ್ನೊಮ್ಮೆ ನೋಡಿದರು.

"ನನಗೇನಪ್ಪ ಕಡಿಮೆ? ಸೊಸೆ ಮಗಳಿಗಿಂತ ಹೆಚ್ಚಾಗಿ ನೋಡ್ಕೋತಾಳೆ. ತುಂಬಾ ಚೆನ್ನಾಗಿದೀನಿ."

"ತುಂಬಾ!" ಸಾಹೇಬನಿಗೆ ಖುಷಿಯೋ ಖುಷಿ. ಬರೆದುಕೊಂಡು ಹೊರಟೇಬಿಟ್ಟ.

"ಏನತ್ತೆ ಇದು?" ಎಂದು ಸಿಡಿದೆ.

"ಅಷ್ಟು ಜನ ನಿಂತಿದ್ರಲ್ಲೇ. ನಾನು ಗೋಳು ಹೇಳ್ಕೊಂಡ್ರೆ ಸೊಸೆ ನೋಡ್ಕೊಳ್ಳಲ್ಲ ಅನ್ಕೊಳ್ಳಲ್ವಾ?"

"ನನ್ನ ಮರ್ಯಾದೆ ಕಟ್ಕೊಂಡು ಓಡಾಡಕ್ಕಾಗುತ್ತಾ? ಕಾಲು ಬೇಕು, ಕಾಲು!"

ನೀರು ಕಾಯಿಸಿ ನಾನೇ ತೊಳೆಯಲು ಕೂತೆ. ಆ ಕೆಲಸ ನನಗೆ ಬಾರದು. ಬಟ್ಟೆ ತಾಗಿದ್ದೇ ಅತ್ತೆ ಹಲ್ಲು ಕಚ್ಚಿದರು.

"ನೋಯ್ತಾ?"

"ಚೂರೂ ಇಲ್ಲ ಕಣೆ."

ನಾನು ಗೊಳೋ ಎಂದು ಅತ್ತುಬಿಟ್ಟೆ.