ಬೈಪಾಸ್‌ನಲ್ಲಿ ಹಾರಿದ ಮಂಡಕ್ಕಿ

ನಾಗರಾಜಪ್ಪನವರು ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದವರು. ಹೊಸದುರ್ಗ, ಹೊಳಲ್ಕೆರೆ, ಐಮಂಗಲ, ಹಿರಿಯೂರು ಎಂದು ಅವರು ಕೂಗಿದರೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದವನೂ ಚೀಲ ಎತ್ತಿಕೊಂಡು ಓಡಿ, ತನ್ನದಲ್ಲದ ಬಸ್ಸನ್ನಾದರೂ ಹತ್ತಿಬಿಡುತ್ತಿದ್ದ. ನಿವೃತ್ತರಾದ ಮೇಲೆ ಆ ದನಿಗೆ ಕೆಲಸವಿಲ್ಲದಂತಾಯಿತು. ಮನೆಯಲ್ಲಿ ಎಷ್ಟೆಂದು ಕೂಗುವುದು? ಹೆಂಡತಿ ದಾಕ್ಷಾಯಿಣಿ ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದ್ದರು. ಹಾಗಾಗಿ ತುರುವನೂರು ರಸ್ತೆ ಕಡೆಯ ಅವರ ಬಡಾವಣೆಯ ಸಂಘಕ್ಕೆ ಅಧ್ಯಕ್ಷರು ಬೇಕೆಂದಾಗ ನಾಗರಾಜಪ್ಪನವರು ಎಲ್ಲರಿಗಿಂತ ಮೊದಲು ಎದ್ದು ನಿಂತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ದಾಕ್ಷಾಯಿಣಿ.

ಸಂಘ ಅಲ್ಲಿಯವರೆಗೆ ಮಾಡಿದ್ದು ಹೇಳಿಕೊಳ್ಳುವಂಥದ್ದೇನೂ ಅಲ್ಲ. ಪಾರ್ಕಿನಲ್ಲಿ ಒಂದು ಕಲ್ಲುಬೆಂಚು ಹಾಕಿಸಿತ್ತು. ಅದರ ಮೇಲೆ ಯಾರ ಹೆಸರು ಬರೆಸಬೇಕೆಂಬ ಜಗಳ ಇನ್ನೂ ಮುಗಿಯದ್ದರಿಂದ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ನಾಗರಾಜಪ್ಪನವರಿಗೆ ಇಂಥ ಸಣ್ಣ ಕೆಲಸಗಳು ಹಿಡಿಸಲಿಲ್ಲ. ಯಾವುದೋ ಊರಿನವರು ಅಂಗಳದಗಲದ ಹೋಳಿಗೆ ಬೇಯಿಸಿ ದಾಖಲೆ ಮಾಡಿದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದ್ದರು.

"ಹೋಳಿಗೆ ಅವರದಾದ್ರೆ ಮಂಡಕ್ಕಿ ನಮ್ದು," ಎಂದು ಮೊದಲ ಸಭೆಯಲ್ಲೇ ಗುಡುಗಿದರು. "ನಮ್ಮ ಕಡೆ ಸಂಜೆ ಆದ್ರೆ ಮಂಡಕ್ಕಿ ತಿನ್ನದ ಮನೆ ಐತೇನ್ರಿ? ಒಂದು ಟ್ರೇಲರ್ ತುಂಬ ಖಾರ ಮಂಡಕ್ಕಿ ಕಲಸಾಣ. ದಾಖಲೆ ಪುಸ್ತಕದೋರನ್ನ ಕರೆಸಾಣ. ಇಡೀ ಊರು ಬಂದು ತಿನ್ಲಿ!"

ಸಭೆಗೆ ಇದು ಹಿಡಿಸಿತು. ಶಾಮಿಯಾನದ ಅಂಗಡಿಯ ಪ್ರಭುಲಿಂಗ ತಕ್ಷಣ, "ಆಷಾಢದಾಗೆ ಮಾಡ್ರಿ. ಮದುವೆ ಇಲ್ಲ, ಮುಂಜಿ ಇಲ್ಲ, ನನ್ನ ಶಾಮಿಯಾನ, ಟ್ರ್ಯಾಕ್ಟರ್ ಎಲ್ಲ ಸುಮ್ನೆ ನಿಂತಿರ್ತವೆ," ಎಂದ. ಆಷಾಢದಲ್ಲಿ ಮದುವೆ ಮಾತ್ರ ಇರುವುದಿಲ್ಲ, ಗಾಳಿ ಇದ್ದೇ ಇರುತ್ತದೆ ಎಂಬುದು ಆ ಗಳಿಗೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಿಟಕಿಯಾಚೆ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಲೇ ಇದ್ದವು.

ಆಕ್ಷೇಪವೆತ್ತಿದವರು ದಾಕ್ಷಾಯಿಣಿ ಒಬ್ಬರೇ, ಅದೂ ಬೇರೆ ವಿಷಯಕ್ಕೆ.

"ಖಾರ ಮಂಡಕ್ಕಿ ಯಾಕ್ರಿ? ನೆನೆಸಿ ಹಿಂಡಿ ಒಗ್ಗರಣೆ ಹಾಕಾಣ. ಹೊಟ್ಟೆ ತುಂಬೋ ತಿಂಡಿ. ಹಲ್ಲಿಲ್ಲದೋರೂ ತಿಂತಾರೆ."

"ನೆನೆಸಿದ್ದು ಮಂಡಕ್ಕಿನೇ ಅಲ್ಲ!" ಎಂದರು ನಾಗರಾಜಪ್ಪ. "ಬಾಯಾಗೆ ಹಾಕಿದ್ರೆ ಕರಂ ಅನ್ಬೇಕು. ಅದು ಮಂಡಕ್ಕಿ."

ಈ ಜಗಳ ಅವರ ಮದುವೆಯಷ್ಟೇ ಹಳೆಯದು. ಹೆಣ್ಣು ನೋಡಲು ಬಂದ ದಿನ ಆಕೆ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟಿದ್ದರು, ಇವರು ತಟ್ಟೆಯ ಅಂಚಿಗೆ ಸರಿಸಿ ಬರೀ ಶೇಂಗಾ ಆರಿಸಿ ತಿಂದಿದ್ದರು. ಸಭೆಯಲ್ಲಿ ಅಧ್ಯಕ್ಷರ ಮಾತೇ ನಡೆಯಿತು. ದಾಕ್ಷಾಯಿಣಿ, "ಆಯ್ತು, ಒಗ್ಗರಣೆ ಕೊಪ್ಪರಿಗೆ ನನ್ನ ಕೈಲಿರ್ಲಿ," ಎಂದಷ್ಟೇ ಹೇಳಿದರು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಜನ ಸೇರಿತು. ಹೊಳಲ್ಕೆರೆಯಿಂದ ಒಂದು ಮಹಿಳಾ ಸಂಘವೇ ಟೆಂಪೊ ಮಾಡಿಕೊಂಡು ಬಂದಿತ್ತು. ತೊಳೆದು ಒರೆಸಿ, ಒಳಗೆಲ್ಲ ಹೊಸ ಬಿಳಿ ಬಟ್ಟೆ ಹಾಸಿದ ಟ್ರೇಲರಿಗೆ ಮೂಟೆ ಮೂಟೆ ಮಂಡಕ್ಕಿ ಸುರಿದರು. ಒಂದು ಬೆಳ್ಳನೆಯ ಗುಡ್ಡವೇ ಎದ್ದಿತು. ಪಕ್ಕದಲ್ಲಿ ದಾಕ್ಷಾಯಿಣಿಯವರ ಕೊಪ್ಪರಿಗೆಯಲ್ಲಿ ಸಾಸಿವೆ ಚಟಪಟ ಎಂದಿತು. ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ ಬಿದ್ದು, ಅರಿಶಿನ ಮಾತ್ರ ಒಂದು ಕೈ ಹೆಚ್ಚೇ ಬಿತ್ತು. ಘಾಟಿಗೆ ಅಧ್ಯಕ್ಷರು ಮೈಕಿನಲ್ಲೇ ಸೀನಿದರು.

ದಾಖಲೆ ಪುಸ್ತಕದ ಕಡೆಯಿಂದ ಬೆಂಗಳೂರಿನಿಂದ ಬಂದಿದ್ದವಳು ಬಿಂದು ಎಂಬ ಹುಡುಗಿ. ಕೊರಳಲ್ಲಿ ಕ್ಯಾಮೆರಾ, ಮುಖದಲ್ಲಿ ನಿಯಮ.

"ಸರ್, ತೂಕ ಎಲ್ಲಿ ಮಾಡ್ತೀರಾ?" ಎಂದು ಕೇಳಿದಳು.

ನಾಗರಾಜಪ್ಪ ಪ್ರಭುಲಿಂಗನ ಮುಖ ನೋಡಿದರು. ಪ್ರಭುಲಿಂಗ ಟ್ರೇಲರಿನ ಮುಖ ನೋಡಿದ. ಅದನ್ನು ಯಾರೂ ಯೋಚಿಸಿರಲಿಲ್ಲ.

"ಬೈಪಾಸಿನಾಗೆ ಲಾರಿ ತೂಗೋ ವೇಬ್ರಿಡ್ಜ್ ಐತಲ್ಲ," ಎಂದ ಗೊಲ್ಲಪ್ಪ. ಅವನು ಬಡಾವಣೆಗೆ ನೀರು ತರುವ ಟ್ಯಾಂಕರಿನವನು. ಜನಕ್ಕೆ ಕುಡಿಯುವ ನೀರಿಗೆಂದು ಟ್ಯಾಂಕರ್ ತಂದು ನಿಲ್ಲಿಸಿದ್ದ.

"ಸರಿ, ಹಂಗಾದ್ರೆ ಇಲ್ಲೇ ಕಲಸ್ಕೊಂಡು ಹೋಗಾಣ," ಎಂದರು ದಾಕ್ಷಾಯಿಣಿ.

"ಬ್ಯಾಡ! ಇಲ್ಲೇ ಕಲಸಿದ್ರೆ ಅಲ್ಲಿಗೆ ಹೋಗೋ ಹೊತ್ತಿಗೆ ಮೆತ್ತಗಾಗ್ತೈತೆ. ಒಣ ಮಂಡಕ್ಕಿ ಮುಂದೆ ಹೋಗ್ಲಿ, ಒಗ್ಗರಣೆ ಹಿಂದೆ ಬರ್ಲಿ. ವೇಬ್ರಿಡ್ಜ್ ಮೇಲೇ ಕಲಸಾಣ. ಕರಂ ಅನ್ಬೇಕು!"

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಪ್ರಭುಲಿಂಗನ ಟ್ರ್ಯಾಕ್ಟರು, ಅದರ ಟ್ರೇಲರಿನ ಮೂಲೆಯಲ್ಲಿ ಹಲಗೆಯ ಮೇಲೆ ಕೂತ ನಾಗರಾಜಪ್ಪ, ಕೈಯಲ್ಲಿ ಬ್ಯಾಟರಿ ಮೈಕು. ಮಂಡಕ್ಕಿಯ ಮೇಲೆ ಶಾಮಿಯಾನದ ಬಟ್ಟೆ ಬಿಗಿದಿತ್ತು. ಹಿಂದೆ ಲಗೇಜ್ ಆಟೊದಲ್ಲಿ ಕೊಪ್ಪರಿಗೆ ಹಿಡಿದುಕೊಂಡ ದಾಕ್ಷಾಯಿಣಿ. ಅದರ ಹಿಂದೆ ಗೊಲ್ಲಪ್ಪನ ಟ್ಯಾಂಕರು, ಆಮೇಲೆ ಬೈಕು, ಸ್ಕೂಟರು, ಹೊಳಲ್ಕೆರೆಯ ಟೆಂಪೊ.

"ಬರ್ರಿ ಬರ್ರಿ! ದುರ್ಗದ ಮಂಡಕ್ಕಿ, ದಾಖಲೆ ಮಂಡಕ್ಕಿ, ಬೈಪಾಸ್ ಕಡೆ ಹೊರಟೈತೆ!" ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದರು. ಕೆಲವರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟರು.

ಮನೆಗಳ ಸಾಲು ಮುಗಿಯುವವರೆಗೆ ಏನೂ ಆಗಲಿಲ್ಲ. ಬೈಪಾಸಿಗೆ ಹತ್ತುವ ಏರಿನಲ್ಲಿ, ಎರಡು ಗುಡ್ಡಗಳ ನಡುವಿನ ಸಂದಿಯಿಂದ ಗಾಳಿ ಬಂತು. ಮೊದಲು ನಾಗರಾಜಪ್ಪನವರ ತಲೆಯ ಮೇಲಿನ ಟೋಪಿ ಹೋಯಿತು. ಆಮೇಲೆ ಶಾಮಿಯಾನದ ಬಟ್ಟೆಯ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯಿತು. ಮರುಕ್ಷಣ ಇಡೀ ಬಟ್ಟೆ ಎದ್ದು, ಗಾಳಿಪಟದಂತೆ ತೇಲಿ, ಹೊಲವೊಂದರ ಬೇವಿನ ಮರವನ್ನು ಹೋಗಿ ತಬ್ಬಿಕೊಂಡಿತು.

ಮಂಡಕ್ಕಿ ಹಾರಿತು.

ಅದು ಹಾರಿದ ರೀತಿಯನ್ನು ನೋಡಿದವರು ಇವತ್ತಿಗೂ ಕೈಯಾಡಿಸಿ ತೋರಿಸುತ್ತಾರೆ. ಟ್ರೇಲರಿನ ಗುಡ್ಡದ ತುದಿಯಿಂದ ಬಿಳಿ ಹೊಗೆ ಎದ್ದಂತೆ ಎದ್ದು ಹೆದ್ದಾರಿಯ ಮೇಲೆಲ್ಲ ಸುರಿಯಿತು. ಬಸ್ಸೊಂದು ವೈಪರ್ ಹಾಕಿಕೊಂಡು ನಿಂತಿತು. ಕಾರಿನಿಂದ ಇಳಿದ ಒಂದು ಕುಟುಂಬ ಮಂಜು ಬೀಳುತ್ತಿದೆಯೆಂದು ಫೋಟೊ ತೆಗೆಸಿಕೊಳ್ಳತೊಡಗಿತು. ಪ್ರಭುಲಿಂಗ ಗಾಬರಿಯಿಂದ ಟ್ರ್ಯಾಕ್ಟರ್ ನಿಲ್ಲಿಸಿದ. ನಿಲ್ಲಿಸಿದ್ದು ಸರಿಯಾಗಿ ಹಿರೇಗುಂಟನೂರಿನ ನಿಂಗಕ್ಕನ ಕುರಿಮಂದೆಯ ನಡುವೆ. ರಸ್ತೆ ದಾಟುತ್ತಿದ್ದ ಕುರಿಗಳಿಗೆ ಆಕಾಶದಿಂದ ತಿಂಡಿ ಬಿದ್ದರೆ ಕೇಳಬೇಕೆ? ಟ್ರ್ಯಾಕ್ಟರನ್ನು ಸುತ್ತುಗಟ್ಟಿಕೊಂಡು ನಿಂತವು. ಮುಂದೆಯೂ ಕುರಿ, ಹಿಂದೆಯೂ ಕುರಿ.

"ಕುರಿ ಹೊಡ್ಕಳಮ್ಮಾ!" ಎಂದು ಪ್ರಭುಲಿಂಗ ಕೂಗಿದ.

"ಮಂಡಕ್ಕಿ ಹೊಡ್ಕಳಪ್ಪ ನೀನು ಮೊದ್ಲು!" ಎಂದಳು ನಿಂಗಕ್ಕ. "ಇವು ಬಾಯಿ ಹಾಕಿದ್ ಮೇಲೆ ದೇವರು ಬಂದ್ರೂ ಅಲ್ಲಾಡಲ್ಲ."

ಟ್ರೇಲರಿನ ಮೇಲೆ ನಾಗರಾಜಪ್ಪನವರಿಗೆ ದಿಕ್ಕು ತೋಚಲಿಲ್ಲ. ಎರಡು ಕೈಯಿಂದ ಮಂಡಕ್ಕಿ ಒತ್ತಿ ಹಿಡಿದರು. ಒತ್ತಿದಲ್ಲಿ ನಿಂತಿತು, ಪಕ್ಕದಲ್ಲಿ ಹಾರಿತು. ಕಡೆಗೆ, ಮಗುವಿನ ಮೇಲೆ ಬೀಳುವ ಹೊಡೆತಕ್ಕೆ ತಾಯಿ ಅಡ್ಡ ಬೀಳುವಂತೆ, ಇಡೀ ಮೈ ಚಾಚಿ ಮಂಡಕ್ಕಿಯ ಗುಡ್ಡದ ಮೇಲೆ ಬಿದ್ದುಬಿಟ್ಟರು. ಗುಡ್ಡ ಅವರನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು. ಕೆಳಗಿದ್ದವರಿಗೆ ಆಮೇಲೆ ಕಂಡದ್ದು ಒಂದು ತಲೆ ಮತ್ತು ಮೈಕು ಹಿಡಿದ ಒಂದು ಕೈ.

"ಯಾರೂ ಗಾಬರಿ ಆಗಬ್ಯಾಡ್ರಿ," ಎಂದಿತು ಮೈಕು. "ಮಂಡಕ್ಕಿ ಹಿಡಿತದಲ್ಲೈತೆ." ಮಾತು ಮುಗಿಯುವುದರೊಳಗೆ ಇನ್ನೊಂದು ಬಿಳಿ ಅಲೆ ಅವರ ಬಾಯೊಳಗೇ ಹೋಯಿತು.

ದಾಕ್ಷಾಯಿಣಿ ಆಟೊದಿಂದ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರಿಗಳನ್ನು ಮೊಣಕಾಲಿನಿಂದ ತಳ್ಳಿಕೊಂಡು ಸೀದಾ ಟ್ಯಾಂಕರಿನ ಬಳಿ ಹೋದರು.

"ಗೊಲ್ಲಪ್ಪ, ಪೈಪ್ ತಗೊ. ನೀರು ಬಿಡು!"

"ಯಾವುದಕ್ಕಕ್ಕ?"

"ಮಂಡಕ್ಕಿಗೆ ಕಣೋ! ನೆಂದ್ರೆ ಹಾರಲ್ಲ."

ಗೊಲ್ಲಪ್ಪ ಪೈಪು ಹಿಡಿದು ಟ್ಯಾಂಕರಿನ ಮೇಲೆ ಹತ್ತಿದ. ನೋಡಿದ. ಹಿಂಜರಿದ.

"ಅಕ್ಕಾ, ಅಧ್ಯಕ್ಷರು ಒಳಗವ್ರೆ!"

"ಅವರಿಗೂ ಬಿಡು!"

ಗೊಲ್ಲಪ್ಪ ಅರೆಬರೆ ಕೆಲಸ ಮಾಡುವವನಲ್ಲ. ಟ್ಯಾಂಕರಿನ ಮೋಟಾರು ಹಾಕಿ ಪೈಪು ತಿರುಗಿಸಿದ. ನೀರು ಬಿದ್ದ ಕೂಡಲೇ ಮಂಡಕ್ಕಿ ತೆಪ್ಪಗಾಯಿತು. ಆಕಾಶಕ್ಕೆದ್ದಿದ್ದ ಗುಡ್ಡ ಮೆತ್ತಗೆ ಕುಸಿದು ಟ್ರೇಲರಿನ ಅರ್ಧಕ್ಕೆ ಇಳಿಯಿತು. ಅದರ ನಡುವಿನಿಂದ ನಾಗರಾಜಪ್ಪನವರು, ಹುಬ್ಬು ಮೀಸೆಗೆಲ್ಲ ಮಂಡಕ್ಕಿ ಅಂಟಿಸಿಕೊಂಡು ಎದ್ದು ನಿಂತರು. ಯಾರೋ ಕಿಸಕ್ಕೆಂದರು. ಆಮೇಲೆ ಬೈಪಾಸಿಗೆ ಬೈಪಾಸೇ ನಕ್ಕಿತು. ನಾಗರಾಜಪ್ಪ ನಗಲಿಲ್ಲ. ಕಣ್ಣು ಕೆಂಪಗಾಗಿತ್ತು, ನೀರಿನಿಂದಲೋ ಅವಮಾನದಿಂದಲೋ ಗೊತ್ತಾಗುವಂತಿರಲಿಲ್ಲ.

"ಎಲ್ಲ ಹಾಳಾಯ್ತಲ್ಲೇ," ಎಂದರು, ಹೆಂಡತಿಗೆ ಮಾತ್ರ ಕೇಳುವಂತೆ. ಅಷ್ಟು ಸಣ್ಣ ದನಿ ಅವರಲ್ಲಿದೆ ಎಂಬುದು ದಾಕ್ಷಾಯಿಣಿಗೇ ಗೊತ್ತಿರಲಿಲ್ಲ.

"ಏನು ಹಾಳಾಗಿಲ್ಲ. ಇಳೀರಿ ಕೆಳಕ್ಕೆ. ನೀವು ಬಿದ್ದ ಜಾಗದ್ದು ತೆಗೆದು ಕುರಿಗೆ ಹಾಕಾಣ. ಉಳಿದಿದ್ದಕ್ಕೆ ಒಗ್ಗರಣೆ."

ಕುರಿಗಳಿಗೆ ಅವುಗಳ ಪಾಲು ದಾರಿ ಬದಿಗೆ ಸುರಿದ ಮೇಲೆ ಟ್ರ್ಯಾಕ್ಟರಿಗೆ ದಾರಿಯಾಯಿತು. ವೇಬ್ರಿಡ್ಜಿನ ಮೇಲೆ ಟ್ರೇಲರ್ ನಿಂತಾಗ ಅಲ್ಲಿನ ಕೆಂಪು ಅಂಕಿಗಳು ಏರಿದ್ದೇ ಏರಿದ್ದು. ಪ್ರಭುಲಿಂಗ ಶಿಳ್ಳೆ ಹೊಡೆದ. "ದಾಖಲೆ! ದಾಖಲೆ!" ಎಂದು ಜನ ಕುಣಿದರು. ನಾಗರಾಜಪ್ಪನವರ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಬಿಂದು ಟ್ರೇಲರಿನ ಕೆಳಗೆ ಬಗ್ಗಿ ನೋಡಿದಳು. ನಾಲ್ಕೂ ಮೂಲೆಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

"ಸರ್, ಇದು ನೀರಿನ ತೂಕ. ಮಂಡಕ್ಕಿದಲ್ಲ. ಹಿಂಡಿ, ಕಲಸಿ, ಆಮೇಲೆ ತೂಗಬೇಕು."

"ಇಷ್ಟನ್ನ ಯಾರಮ್ಮ ಹಿಂಡ್ತಾರೆ?" ಎಂದ ಪ್ರಭುಲಿಂಗ.

ನಾಗರಾಜಪ್ಪ ಸುತ್ತ ನೋಡಿದರು. ಬಡಾವಣೆಯ ಜನ, ಹೊಳಲ್ಕೆರೆಯ ಹೆಂಗಸರು, ತೂಕಕ್ಕೆ ಸಾಲುಗಟ್ಟಿದ್ದ ಲಾರಿಗಳ ಚಾಲಕರು, ಮಂಜಿನ ಫೋಟೊ ತೆಗೆಸಿಕೊಂಡ ಕುಟುಂಬ, ಕೋಲು ಊರಿಕೊಂಡು ನಿಂತ ನಿಂಗಕ್ಕ, ಸಂಚಾರ ಸರಿಪಡಿಸಲು ಬಂದು ತಾನೇ ನೋಡುತ್ತ ನಿಂತಿದ್ದ ಟ್ರಾಫಿಕ್ ಪೊಲೀಸ್. ಮೈಕು ನೆಂದು ಸತ್ತಿತ್ತು. ಬೇಕಾಗಿಯೂ ಇರಲಿಲ್ಲ.

"ಕೈ ತೊಳ್ಕಂಡು ಬರ್ರಪ್ಪಾ! ಎಲ್ಲಾರು ಬರ್ರಿ! ಒಂದೊಂದು ಹಿಡಿ ಹಿಂಡಿದ್ರೆ ಮುಗೀತು!"

ಆ ದನಿಗೆ ಜನ ಎದ್ದು ಬಂದರು. ಗೊಲ್ಲಪ್ಪ ಸಾಲಾಗಿ ಎಲ್ಲರ ಕೈಗೆ ನೀರು ಬಿಟ್ಟ. ಟ್ರೇಲರಿನ ಸುತ್ತ ನಿಂತು ಹಿಡಿ ಹಿಡಿ ಮಂಡಕ್ಕಿ ಎತ್ತಿ ಹಿಂಡಿ ಹಿಂಡಿ ಇನ್ನೊಂದು ಬದಿಗೆ ಹಾಕಿದರು. ಪಂಜಾಬಿನ ಲಾರಿ ಚಾಲಕನೊಬ್ಬ ಹಿಂಡಿದ ಉಂಡೆ ಕಲ್ಲಿನಂತಾಗುತ್ತಿತ್ತು. ಹೊಳಲ್ಕೆರೆಯ ಹೆಂಗಸರು ಅವನಿಗೆ, "ಮೆಲ್ಲಗೆ ಹಿಂಡಪ್ಪ, ಸೀರೆ ಅಲ್ಲ ಅದು," ಎಂದು ಕಲಿಸಿಕೊಟ್ಟರು. ಕೆಲಸ ಮುಗಿಯುತ್ತ ಬಂದಂತೆ ದಾಕ್ಷಾಯಿಣಿ ಕೊಪ್ಪರಿಗೆ ಬಗ್ಗಿಸಿದರು. ಹಳದಿ ಒಗ್ಗರಣೆ ಇಳಿಯಿತು, ಹುರಿಗಡಲೆ ಪುಡಿ ಬಿತ್ತು, ನಿಂಬೆಹುಳಿ ಬಿತ್ತು. ಅಷ್ಟೂ ಜನ ಅಷ್ಟೂ ಕೈಗಳಿಂದ ಕಲಸಿದರು. ಘಮ ಗಾಳಿಯೊಂದಿಗೆ ಹೋಗಿ ಇನ್ನಷ್ಟು ವಾಹನಗಳನ್ನು ನಿಲ್ಲಿಸಿತು.

ಬಿಂದು ಕ್ಯಾಮೆರಾದ ಬ್ಯಾಟರಿ ಬದಲಿಸಲು ಅತ್ತ ಹೋದಳು. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಉಪ್ಪು ನೋಡುತ್ತೇನೆಂದು ಒಬ್ಬ ಒಂದು ತುತ್ತು ತಿಂದ. ಖಾರ ನೋಡುತ್ತೇನೆಂದು ಇನ್ನೊಬ್ಬಳು ತಿಂದಳು. ಆಮೇಲೆ ಯಾರೂ ನೆಪ ಹೇಳಲಿಲ್ಲ. ಬಿಂದು ವಾಪಸು ಬಂದು, "ತೂಗೋಣ್ವಾ ಸರ್?" ಎಂದಾಗ ಟ್ರೇಲರಿನ ತಳದ ಬಿಳಿ ಬಟ್ಟೆ ಅಲ್ಲಲ್ಲಿ ಕಾಣುತ್ತಿತ್ತು, ಅದೂ ಹಳದಿಯಾಗಿ.

ಎಲ್ಲರೂ ಅಧ್ಯಕ್ಷರತ್ತ ನೋಡಿದರು. ಅವರು ಟ್ರೇಲರಿನ ಚಕ್ರಕ್ಕೊರಗಿ ಕೂತು, ಮುತ್ತುಗದೆಲೆಯ ತುಂಬ ಮಂಡಕ್ಕಿ ಹಾಕಿಕೊಂಡು, ಬಾಯಿ ತುಂಬಿಸಿಕೊಂಡಿದ್ದರು. ಕರಂ ಎನ್ನುವ ಸದ್ದೇನೂ ಬರುತ್ತಿರಲಿಲ್ಲ.

"ಕುಂತ್ಕಳಮ್ಮ," ಎಂದರು ಬಿಂದುವಿಗೆ, ನುಂಗಿಕೊಂಡು. "ಮೊದ್ಲು ತಿನ್ನು. ತೂಕ ಎಲ್ಲಾರ ಹೊಟ್ಟೆಯಾಗೈತೆ."

ದಾಖಲೆ ಸಿಗಲಿಲ್ಲ. ಬಿಂದು ನಿಯಮ ಬಿಟ್ಟುಕೊಡಲಿಲ್ಲ, ಎರಡನೇ ಸಲ ಹಾಕಿಸಿಕೊಂಡು ತಿಂದಳಷ್ಟೇ. ಬೇವಿನ ಮರದಿಂದ ಶಾಮಿಯಾನ ಬಿಡಿಸಲು ಪ್ರಭುಲಿಂಗನಿಗೆ ಸಂಜೆಯಾಯಿತು. ರಸ್ತೆಯ ಮಂಡಕ್ಕಿ ಗುಡಿಸಲೆಂದು ಪೊರಕೆ ಹಿಡಿದು ಹೋದವರಿಗೆ ಗುಬ್ಬಿ, ಗೊರವಂಕಗಳು ಏನನ್ನೂ ಉಳಿಸಿರಲಿಲ್ಲ.

ಮರುದಿನ ಊರಲ್ಲಿ ಬೈಪಾಸಿಗೆ ಯಾರ್ಯಾರು ಹೋಗಿದ್ದರು ಎಂದು ಕೇಳಬೇಕಾಗಿರಲಿಲ್ಲ. ಅರಿಶಿನ ಹಿಡಿದ ಅಂಗೈಗಳೇ ಹೇಳುತ್ತಿದ್ದವು. ಬ್ಯಾಂಕಿನ ಕಿಟಕಿಯಾಚೆಯ ಕೈ ಹಳದಿ, ಈಚೆಯ ಕೈಯೂ ಹಳದಿ. ನಾಗರಾಜಪ್ಪ ಹೆಂಡತಿಯನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಗಾಂಧಿ ವೃತ್ತಕ್ಕೆ ಬಂದಾಗ ಟ್ರಾಫಿಕ್ ಪೊಲೀಸ್ ನಿಲ್ಲಿ ಎಂದು ಅಂಗೈ ಎತ್ತಿದ. ಅದೂ ಹಳದಿ. ದಾಕ್ಷಾಯಿಣಿ ಹಿಂದಿನಿಂದ ತಮ್ಮ ಅಂಗೈ ಎತ್ತಿ ತೋರಿಸಿದರು.

ಪೊಲೀಸಿನವನ ಮುಖ ಅರಳಿತು. "ಅಕ್ಕಾ, ನೀವಾ! ಚೆನ್ನಾಗಿತ್ತು. ಒಂಚೂರು ಹುಳಿ ಕಮ್ಮಿ ಆಗಿತ್ತು, ಅಷ್ಟೆ."

ನಾಗರಾಜಪ್ಪ ಅಲ್ಲೇ, ವೃತ್ತದ ನಟ್ಟನಡುವೆ, ಸ್ಕೂಟರಿನ ಸ್ಟ್ಯಾಂಡ್ ಹಾಕಿದರು.

"ಏನಪ್ಪ, ಹುಳಿ ಕಮ್ಮಿ ಅಂತೀಯಾ? ಎಷ್ಟು ನಿಂಬೆಹಣ್ಣು ಹಿಂಡಿದ್ರು ಗೊತ್ತೈತಾ ನಿಂಗೆ?"

ಹಿಂದೆ ವಾಹನಗಳು ಹಾರನ್ ಹೊಡೆಯತೊಡಗಿದವು. ಅವರು ತಿರುಗಿಯೂ ನೋಡಲಿಲ್ಲ.